ರಾಚ ಬಿನ್ ಸಿದ್ದನ ಹಾಜರಿ

ಸೀಗೆಹುಂಡಿಯ ಸರ್ಕಾರಿ ಶಾಲೆಗೆ ನೂರೈವತ್ತು ವರ್ಷ ತುಂಬುತ್ತದೆ ಅನ್ನುವುದು ಊರಿಗೆ ಗೊತ್ತಾಗಿದ್ದೇ ಹೇಮಲತಾಳಿಂದ. ಅವಳು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಶಾಲೆ ತನ್ನ ಪಾಡಿಗೆ ತಾನು ವಯಸ್ಸು ತುಂಬಿಸಿಕೊಂಡು ಇರುತ್ತಿತ್ತು, ಅವಳ ಅಪ್ಪ ಮಲ್ಲಯ್ಯ ಮೇಷ್ಟ್ರು ತಲೆ ಎತ್ತಿಕೊಂಡು ಊರಲ್ಲಿ ಓಡಾಡಿಕೊಂಡು ಇರುತ್ತಿದ್ದರು. ಆದರೆ ಸಂಶೋಧನೆ ಮಾಡುವವರಿಗೆ ಬಾಯಿ ನಿಲ್ಲುವುದಿಲ್ಲ. ಒಂದು ಹಳೇ ಕಾಗದ ಸಿಕ್ಕಿದರೆ ಸಾಕು, ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಹೇಳಿಬಿಡಬೇಕು.

ಹೇಮಲತಾ ಟಿ. ನರಸೀಪುರದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಅಷ್ಟು ವರ್ಷ ಬೇರೆ ಯಾರ ಮನೆಯಲ್ಲಿ ಇದ್ದಿದ್ದರೂ ಇಷ್ಟು ಹೊತ್ತಿಗೆ ಮನೆಯವಳೇ ಆಗಿರುತ್ತಿದ್ದಳು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಪ್ರತಿ ವರ್ಷ ಅವಳ ಐಚ್ಛಿಕ ವಿಷಯಕ್ಕೆ ಹದಿನೈದು ಮಕ್ಕಳು ಸೇರಬೇಕು. ಹದಿನಾಲ್ಕಾದರೆ ತರಗತಿ ರದ್ದು, ಅತಿಥಿ ಮನೆಗೆ. ಹೋದ ವರ್ಷ ಹದಿನಾಲ್ಕಕ್ಕೇ ನಿಂತಾಗ, ಮದುವೆಯಾಗಿ ಬನ್ನೂರಿನಲ್ಲಿ ಸಂಸಾರ ಮಾಡಿಕೊಂಡಿದ್ದ ಚಿಕ್ಕಪ್ಪನ ಮಗಳ ಹೆಸರಲ್ಲಿ ಒಂದು ಅರ್ಜಿ ತುಂಬಿಸಿದಳು. ಆ ಹುಡುಗಿ ಕಾಲೇಜಿನ ಗೇಟನ್ನೂ ನೋಡಲಿಲ್ಲ. ಹೇಮಲತಾಳ ಕೆಲಸ ಉಳಿಯಿತು. ಈ ಸಂಗತಿಯನ್ನು ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಮೂವತ್ನಾಲ್ಕು ವರ್ಷ ಪ್ರೈಮರಿ ಶಾಲೆಯಲ್ಲಿ ಕೆಲಸ ಮಾಡಿ, ಬರದ ಮಗುವಿಗೆ ಒಂದು ದಿನವೂ ಹಾಜರಿ ಹಾಕದ ಮನುಷ್ಯನಿಗೆ ಅದನ್ನು ಹೇಳಲು ಯಾವ ಮಗಳಿಗಾದರೂ ಧೈರ್ಯ ಬೇಕು.

ಅವಳ ಪಿಎಚ್.ಡಿ. ವಿಷಯವೂ ಹಾಗೇ ಇತ್ತು. ಅರಸರನ್ನು ಪಕ್ಕಕ್ಕೆ ಕೂರಿಸಿ ಬಿಳಿಯರ ಕಮಿಷನರು ಮೈಸೂರು ಸೀಮೆ ಆಳುತ್ತಿದ್ದ ಕಾಲದಲ್ಲಿ ಹಳ್ಳಿಗಳಲ್ಲಿ ಶಾಲೆ ತೆರೆದರಲ್ಲ, ಅದಕ್ಕೆ ದುಡ್ಡು ಎಲ್ಲಿಂದ ಬಂತು, ಮೇಷ್ಟ್ರುಗಳು ಎಲ್ಲಿಂದ ಬಂದರು ಅನ್ನುವುದು. ಕಟ್ಟಡ ಊರಿನವರು ಕೊಡಬೇಕು. ಮೇಷ್ಟ್ರಿಗೆ ಸಂಬಳ ಸರ್ಕಾರ ಕೊಡುತ್ತದೆ, ಆದರೆ ಮಕ್ಕಳ ತಲೆ ಎಣಿಸಿ. ಸೀಗೆಹುಂಡಿಗೆ ಕಟ್ಟಿದ ಲೆಕ್ಕ ಇಪ್ಪತ್ತು ಮಕ್ಕಳು. ಇಪ್ಪತ್ತಿದ್ದರೆ ಪೂರ್ತಿ ಸಂಬಳ, ಕಡಿಮೆಯಾದರೆ ಸಂಬಳಕ್ಕೂ ಕತ್ತರಿ. ಇದನ್ನು ಓದಿದ ದಿನ ಹೇಮಲತಾಳಿಗೆ ನಗು ಬಂದಿತ್ತು. ನೂರೈವತ್ತು ವರ್ಷದಲ್ಲಿ ಬದಲಾಗಿದ್ದು ಮೇಷ್ಟ್ರ ಪೇಟ ಒಂದೇ ಅಂದುಕೊಂಡಿದ್ದಳು.

ಈಗ ಮಲ್ಲಯ್ಯ ಮೇಷ್ಟ್ರ ಮುತ್ತಾತನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಮುತ್ತಾತನ ಹೆಸರು ರಾಚ. ಸೀಗೆಹುಂಡಿಯ ಕೇರಿಯವನು. ಈ ರಾಚ ಬಿಳಿಯರ ಕಾಲದಲ್ಲೇ ಶಾಲೆಗೆ ಹೋಗಿ ಓದಿದ್ದನು ಅನ್ನುವುದು ಮನೆಯ ಮಾತು. ಮುದುಕನಾದ ಮೇಲೂ ಕಪಿಲಾ ನದಿಯ ದಂಡೆಗೆ ದನ ಹೊಡೆದುಕೊಂಡು ಹೋದಾಗ ಮರಳ ಮೇಲೆ ಬೆರಳಲ್ಲಿ ಅ, ಆ, ಇ, ಈ ಅಂತ ಬರೆಯುತ್ತಿದ್ದನಂತೆ. ಅಷ್ಟಕ್ಕೆ ನಿಲ್ಲಿಸಿ, ಮುಂದಿನದು ಮರೆತುಹೋಗಿದೆ ಕಣ್ಲಾ ಅನ್ನುತ್ತಿದ್ದನಂತೆ. ಅವನ ಮಗ ಸಿದ್ದಯ್ಯ, ಅಂದರೆ ಮಲ್ಲಯ್ಯನವರ ತಾತ, ಅದನ್ನು ಕಣ್ಣಾರೆ ನೋಡಿದ್ದವನು. ಸಾವಿರದ ಒಂಬೈನೂರ ಐವತ್ತೈದರಲ್ಲಿ ಆರು ವರ್ಷದ ಮಲ್ಲಯ್ಯನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗಿದ್ದವನೂ ಅವನೇ. ಅವತ್ತಿನ ಮೇಷ್ಟ್ರು ಹುಡುಗನನ್ನು ಬಾಗಿಲ ಹೊರಗೆ ಕೂರಿಸು ಅಂದಾಗ, ಜೀವಮಾನದಲ್ಲಿ ಯಾರೆದುರೂ ಸೊಂಟ ನೆಟ್ಟಗೆ ಮಾಡದ ಸಿದ್ದಯ್ಯ, "ನಮ್ಮಪ್ಪ ಓದಿದ್ ಇಸ್ಕೂಲು ಸ್ವಾಮಿ ಇದು. ಬಿಳೀ ದೊರೆ ಕಾಲ್ದಲ್ಲೇ ಒಳಗ ಕುಂತಿದ್ದ. ಇವ ಯಾಕ ಆಚ್ಗ ಕುಂತ್ಕಬೇಕು?" ಅಂದುಬಿಟ್ಟಿದ್ದನು. ಮೇಷ್ಟ್ರು ತಬ್ಬಿಬ್ಬಾಗಿ ಒಳಗೆ ಬಿಟ್ಟರು. ಹಾಗೆ ಒಳಗೆ ಹೋದ ಮಲ್ಲಯ್ಯ ಮುಂದೆ ತಾವೇ ಮೇಷ್ಟ್ರಾಗಿ ಸೋಸಲೆ, ಬನ್ನೂರು, ಹದಿನಾರು ಅಂತ ಊರೂರು ತಿರುಗಿ, ಹೆಡ್‌ಮಾಸ್ಟರಾಗಿ ನಿವೃತ್ತರಾಗಿ ಸ್ವಂತ ಊರಿಗೆ ಬಂದರು.

ಆ ಮಾತು ಅವರಿಗೆ ಬೆನ್ನುಮೂಳೆ ಇದ್ದ ಹಾಗೆ. ಊರಿನವರು ಯಾರಾದರೂ, ನಿಮಗೇನು ಬಿಡಿ ಮೇಷ್ಟ್ರೇ, ಸರ್ಕಾರ ಕರೆದು ಕೆಲಸ ಕೊಟ್ಟಿತು ಅಂತ ಕೊಂಕು ತೆಗೆದರೆ, "ನಾಕ್ ತಲೆಯಿಂದ ಓದ್ದೋರು ಕಣಯ್ಯ ನಾವು" ಅಂತ ಒಂದೇ ಏಟಿಗೆ ಬಾಯಿ ಮುಚ್ಚಿಸುತ್ತಿದ್ದರು.

ನೂರೈವತ್ತನೇ ವರ್ಷ ಅಂತ ಗೊತ್ತಾದ ಒಂದೇ ವಾರಕ್ಕೆ ಸಮಿತಿ ಆಯಿತು, ರಸ್ತೆಗೆ ಫ್ಲೆಕ್ಸ್ ಬಂತು. ಸಮಿತಿಗೆ ಮಹಾದೇವಸ್ವಾಮಿ ಅಧ್ಯಕ್ಷರು. ಶಾಲೆಗೆ ಜಾಗ ಕೊಟ್ಟ ಹಳೇ ಪಟೇಲರ ವಂಶದವರು, ಹಾಲಿನ ಡೇರಿಗೂ ಅವರೇ ಅಧ್ಯಕ್ಷರು. ಒಟ್ಟಿನಲ್ಲಿ ಊರಲ್ಲಿ ಎರಡು ಕುರ್ಚಿ ಹಾಕಿದರೆ ಒಂದರಲ್ಲಿ ಅವರೇ ಇರುತ್ತಾರೆ. ಶಾಲೆಯ ಮುಂದೆ ಒಂದು ಕಲ್ಲು ನೆಟ್ಟು ಮೊದಲ ವರ್ಷದ ಮಕ್ಕಳ ಹೆಸರು ಕೆತ್ತಿಸುವುದು ಅಂತ ತೀರ್ಮಾನವಾಯಿತು. ಸಮಾರಂಭದ ದಿನ ಹೆಡ್ಮಿಸ್ಸು ಸುನೀತಾ ಆ ಹೆಸರುಗಳನ್ನು ಹಾಜರಿ ಕೂಗಿದ ಹಾಗೆ ಕೂಗುವುದು, ಅವರವರ ವಂಶದವರು ಎದ್ದು ನಿಂತು "ಹಾಜರ್" ಅನ್ನುವುದು. ಯೋಚನೆ ಸುನೀತಾ ಮಿಸ್ಸಿನದು, ಚೆನ್ನಾಗಿಯೇ ಇತ್ತು.

ಮಲ್ಲಯ್ಯ ಮೇಷ್ಟ್ರು ಸಮಿತಿಯ ಮುಂದೆ ಹೋಗಿ ಮುತ್ತಾತನ ಹೆಸರು ಕೊಟ್ಟರು. ಮಹಾದೇವಸ್ವಾಮಿ ಎದ್ದು ನಿಂತು ಕೈ ಮುಗಿದು ಕುರ್ಚಿ ಕೊಟ್ಟರು. ಆಮೇಲೆ ಹೇಳಿದರು:

"ಮೇಷ್ಟ್ರೇ, ನಿಮ್ ಮಾತ್ನ ನಾನು ಇಲ್ಲ ಅಂತೀನಾ? ಆದ್ರೆ ಇದು ಕಲ್ಲಲ್ಲಿ ಕೆತ್ಸೋ ಇಚಾರ. ನಾಳೆ ಇನ್ನೊಬ್ಬ ಬಂದು ನಮ್ ಮುತ್ತಾತನೂ ಓದಿದ್ದ ಅಂದ್ರೆ ನಾ ಏನ್ ಮಾಡ್ಲಿ? ನಿಮ್ ಮಗಳೇ ಕಚೇರಿ ಕಚೇರಿ ತಿರುಗ್ತಾರಲ್ಲ, ಒಂದ್ ದಾಖ್ಲೆ ತಂದ್ಬುಡಿ. ಮುಗೀತು."

ಮನೆಗೆ ಬಂದ ಅಪ್ಪನ ಮುಖ ನೋಡಿ ಹೇಮಲತಾಳಿಗೆ ಹೊಟ್ಟೆ ಉರಿಯಿತು. ಪಟೇಲರ ವಂಶಕ್ಕೆ ಯಾರೂ ದಾಖಲೆ ಕೇಳಿರಲಿಲ್ಲ. ಮಾರನೇ ದಿನವೇ ಕಾಲೇಜಿಗೆ ರಜೆ ಹಾಕಿ, ನಂಜನಗೂಡಿನಿಂದ ಬಸ್ಸು ಹತ್ತಿ ಮೈಸೂರಿನ ದಾಖಲೆ ಕಚೇರಿಗೆ ಹೋದಳು. ಆರು ಸಲ ಹೋದಳು. ಏಳನೇ ಸಲ, ಗೆದ್ದಲು ತಿಂದು ಜರಡಿಯಾಗಿದ್ದ ಒಂದು ಕಟ್ಟಿನಲ್ಲಿ, ಸೀಗೆಹುಂಡಿ ಶಾಲೆಯಿಂದ ಮೊದಲ ವರ್ಷ ಸರ್ಕಾರಕ್ಕೆ ಹೋಗಿದ್ದ ಮಕ್ಕಳ ಪಟ್ಟಿ ಸಿಕ್ಕಿತು. ಇಪ್ಪತ್ತು ಹೆಸರು, ಕಡೆಯ ಏಳು ಕೇರಿಯವು. ಹದಿನಾಲ್ಕನೆಯದು: ರಾಚ ಬಿನ್ ಸಿದ್ದ, ವಯಸ್ಸು ಒಂಬತ್ತು.

ಅವಳು ಅಲ್ಲೇ ಅತ್ತುಬಿಟ್ಟಳು. ಎದುರು ಕೂತಿದ್ದ ಗುಮಾಸ್ತ ಕಾಗದ ಒದ್ದೆ ಮಾಡಬೇಡಿ ಮೇಡಂ ಅಂದನು. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ಸಿಕ್ತು. ರಾಚ ಬಿನ್ ಸಿದ್ದ ಅಂತ ಬರ್ದದ. ನಿಮ್ ಮುತ್ತಾತ."

ಆ ಕಡೆ ಫೋನು ಅವ್ವನ ಕೈಗೆ ಹೋಯಿತು. "ನಿಮ್ಮಪ್ಪ ಕೂಸ್ನಂಗ ಅಳ್ತಾ ಕುಂತವ್ರ, ಏನಂದೆ ನೀನು?" ಅಂತ ಮಂಚಮ್ಮ ಗಾಬರಿಯಾಗಿ ಕೇಳಿದಳು.

ಇತಿಹಾಸ ಓದಿದವಳು ಮಾಡಬಾರದ ತಪ್ಪನ್ನು ಹೇಮಲತಾ ಅವತ್ತು ಮಾಡಿದಳು. ಪಟ್ಟಿ ಕಳಿಸಿದ ಮೇಲೆ ಅದನ್ನು ತಪಾಸಣೆ ಮಾಡಲು ಒಬ್ಬ ಬಂದಿರುತ್ತಾನೆ, ಅವನೂ ಏನೋ ಬರೆದಿರುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಅಂಥ ನೂರು ವರದಿ ಓದಿದ್ದಳು. ಬೇರೆ ಯಾವ ಊರಿನ ಪಟ್ಟಿಯಾಗಿದ್ದರೂ ಅದು ಸಿಗುವ ತನಕ ಬಾಯಿ ಬಿಡುತ್ತಿರಲಿಲ್ಲ. ಇದು ಅಪ್ಪನ ಮುತ್ತಾತನ ಹೆಸರು, ತಡೆಯಲಾಗಲಿಲ್ಲ.

ಮಲ್ಲಯ್ಯ ಮೇಷ್ಟ್ರು ಎರಡು ಕೆಜಿ ಮೈಸೂರು ಪಾಕು ತಂದು ಊರು ಕೇರಿ ಎರಡಕ್ಕೂ ಹಂಚಿದರು. ಮಹಾದೇವಸ್ವಾಮಿಗೆ ಅವರಿಗಿಂತ ಹೆಚ್ಚು ಖುಷಿ. ಪಟ್ಟಿಯ ಜೆರಾಕ್ಸ್ ಹಿಡಿದುಕೊಂಡು, "ನೋಡ್ರಪ್ಪಾ, ನೂರೈವತ್ ವರ್ಸದ್ ಹಿಂದೆನೇ ನಮ್ ಪಟೇಲ್ರು ಏಳು ಜನ ಕೇರಿ ಮಕ್ಕಳ್ನ ಸೇರ್ಸವ್ರೆ. ಭೇದ ಅನ್ನೋದೇ ಇರ್ನಿಲ್ಲ ನಮ್ಮೂರಲ್ಲಿ" ಅಂತ ಸಿಕ್ಕಸಿಕ್ಕವರಿಗೆ ತೋರಿಸಿದರು. ಸ್ಮರಣ ಸಂಚಿಕೆಗೆ ಅದೇ ಮುಖಪುಟವಾಯಿತು. ಇಪ್ಪತ್ತೂ ಹೆಸರು ಕಲ್ಲಿಗೆ ಹೋಯಿತು. ಕೇರಿಯ ಉಳಿದ ಆರು ಹುಡುಗರ ವಂಶದವರು ಯಾರು ಅಂತ ಯಾರಿಗೂ ಗೊತ್ತಾಗಲಿಲ್ಲ. ಪ್ಲೇಗೋ, ಕಾಫಿ ತೋಟವೋ, ಎಲ್ಲೋ ಕೊಚ್ಚಿಕೊಂಡು ಹೋಗಿದ್ದರು.

ಆಮೇಲೆ ಅಪ್ಪ ಇನ್ನೊಂದು ಮಾತು ಕೇಳಿದರು. ಸಮಾರಂಭದಲ್ಲಿ ಅವರಿಗೆ ಎರಡು ನಿಮಿಷ ಮಾತಾಡಲು ಕೊಟ್ಟಿದ್ದರು.

"ಕೂಸೇ, ಇನ್ಸ್‌ಪೆಕ್ಷನ್ ಆಗ್ದೆ ಇರ್ತದಾ? ಯಾವ ಹುಡ್ಗ ಹೆಂಗ್ ಓದ್ತನ ಅಂತ ಇನ್ಸ್‌ಪೆಕ್ಟ್ರು ಬರ್ದೇ ಇರ್ತರ. ಮುತ್ತಾತನ್ ಬಗ್ಗ ಒಂದ್ ಸಾಲು ಸಿಕ್ಕಿದ್ರೂ ಸಾಕು, ಅದ್ನೇ ಓದ್ಬುಡ್ತೀನಿ. ಒಂಚೂರ್ ನೋಡವ್ವ."

ಅವಳು ನೋಡಿದಳು. ಸಮಾರಂಭಕ್ಕೆ ಇನ್ನು ಹತ್ತು ದಿನ ಇದ್ದಾಗ ಸಿಕ್ಕಿತು. ಇಂಗ್ಲಿಷಿನಲ್ಲಿ, ಉದ್ದುದ್ದ ವಾಲಿದ ಅಕ್ಷರದಲ್ಲಿ, ಒಂದೂವರೆ ಪುಟ. ಒಂದು ಸಲ ಓದಿದಳು. ಎರಡನೇ ಸಲ ಓದಿದಳು. ಅದರ ಹಿಂದೆಯೇ ಶಾಲೆಯ ಮೇಷ್ಟ್ರು ಬರೆದುಕೊಂಡ ಒಂದು ಅರ್ಜಿಯೂ ಇತ್ತು: ತನಗೆ ಐದು ಮಕ್ಕಳು, ಸಂಬಳ ಇಳಿಸಿದರೆ ಬದುಕುವುದು ಹೇಗೆ, ಪಟೇಲರು ಹೇಳಿದಂತೆ ಮಾಡಿದೆ, ಇದೊಂದು ಸಲ ಕ್ಷಮಿಸಬೇಕು. ಆ ಮೇಷ್ಟ್ರನ್ನು ಬೈಯಲು ಹೇಮಲತಾಳಿಗೆ ಬಾಯಿ ಬರಲಿಲ್ಲ. ಬನ್ನೂರಿನ ತಂಗಿಯ ಅರ್ಜಿ ತುಂಬಿದ ಕೈ ತನ್ನದು, ಯಾರನ್ನು ಬೈಯುವುದು?

ಎರಡೂ ಕಾಗದದ ಜೆರಾಕ್ಸ್ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಹತ್ತು ದಿನವೂ ಆ ಬ್ಯಾಗು ಅವಳ ಹೆಗಲ ಮೇಲೆ ನರಸೀಪುರಕ್ಕೆ ಹೋಗಿ ಬಂತು. ಪ್ರತಿ ಸಂಜೆ ಅಪ್ಪ, "ಏನಾರ ಸಿಕ್ತಾ?" ಅನ್ನುವುದು, ಅವಳು ಇಲ್ಲ ಅನ್ನುವುದು. ಆ ಹತ್ತು ದಿನದಲ್ಲಿ ಅವರು ನಂಜನಗೂಡಿಗೆ ಹೋಗಿ ಜರಿಯಂಚಿನ ಪಂಚೆ ತಂದರು, ಹೊಸ ಕನ್ನಡಕ ಮಾಡಿಸಲು ಕೊಟ್ಟರು, ಅಂಗಡಿಯವನು ಸಮಾರಂಭದ ಹೊತ್ತಿಗೆ ಆಗುವುದಿಲ್ಲ ಅಂದನು ಅಂತ ಬೈದುಕೊಂಡರು. ಬಚ್ಚಲುಮನೆಯಲ್ಲಿ ಒಬ್ಬರೇ "ಹಾಜರ್" ಅಂತ ಜೋರಾಗಿ ಅಂದು ನೋಡುತ್ತಿದ್ದುದು ಹೊರಗೆ ಕೇಳಿಸುತ್ತಿತ್ತು. ಮಂಚಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹೇಮಲತಾ ತಟ್ಟೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಹೇಳದೇ ಇರುವುದು ಅಂತಲೇ ಅವಳ ತೀರ್ಮಾನ. ಎಪ್ಪತ್ತಾರು ವರ್ಷದ ಮನುಷ್ಯ, ಒಂದು ದಿನ ಎದ್ದು ನಿಂತು ಹಾಜರ್ ಅನ್ನಲಿ. ಸುಳ್ಳು ಮಾಡಿದವರು ಮಣ್ಣಾಗಿ ನೂರು ವರ್ಷ ಆಯಿತು. ಕಾಗದವನ್ನು ಗೆದ್ದಲಿಗೆ ವಾಪಸ್ ಕೊಟ್ಟರಾಯಿತು.

ಸಮಾರಂಭದ ದಿನ ಬೆಳಿಗ್ಗೆ ಏಳು ಗಂಟೆಗೆ ಅಪ್ಪ ಸ್ನಾನ ಮಾಡಿ, ಪಂಚೆ ಉಟ್ಟು, ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಹೇಮಲತಾ ಬಾಗಿಲಿಗೆ ಬಂದಾಗ ಮೆತ್ತಗೆ ಕೇಳಿದರು:

"ಕಡೇಗೂ ಇನ್ಸ್‌ಪೆಕ್ಟ್ರು ಬರ್ದಿದ್ದು ಸಿಕ್ನೇ ಇಲ್ವ?"

"ಇಲ್ಲಪ್ಪ."

ಅವರು ಕಾಫಿ ಲೋಟ ಕೆಳಗಿಟ್ಟು ಅವಳ ಮುಖ ನೋಡಿದರು. ಮೂವತ್ನಾಲ್ಕು ವರ್ಷ ಮಕ್ಕಳ ಮುಖ ನೋಡಿದ ಕಣ್ಣು; ದೂರದ್ದು ಮಂಜಾಗಿದ್ದರೂ ಹತ್ತಿರದ್ದು ಇನ್ನೂ ಕಾಣುತ್ತಿತ್ತು.

"ಸಿಕ್ತು ನಿಂಗ," ಅಂದರು. "ಕೆಟ್ಟದಾಗಿ ಬರ್ದವ್ನಾ? ದಡ್ಡ ಅಂತನಾ? ಆಗ್ಲಿ ಬುಡು. ನಾನೂ ಎಷ್ಟ್ ಕೂಸ್ಗಳ್ನ ದಡ್ಡ ಅಂತ ಬರ್ದಿಲ್ಲ. ಓದು."

"ಬ್ಯಾಡಪ್ಪ."

"ಓದು ಕೂಸೇ."

ಅವಳು ಬ್ಯಾಗಿನಿಂದ ಕಾಗದ ತೆಗೆದು, ಕೆಳಗೆ ಕೂತು, ಇಂಗ್ಲಿಷನ್ನು ಕನ್ನಡ ಮಾಡಿಕೊಂಡು ಓದಿದಳು.

"ಒಳಗೆ ಹದಿಮೂರು ಹುಡುಗರಿದ್ದರು. ಹೊರಗೆ ಜಗಲಿಯ ಮೇಲೆ ಏಳು ಹುಡುಗರು ಪ್ರತ್ಯೇಕವಾಗಿ ಕುಳಿತಿದ್ದರು. ಅವರೆಲ್ಲರ ಮುಂದೆ ಮರಳು ಹರಡಿ, ಅದರ ಮೇಲೆ ಒಂದೇ ಕೈಬರಹದಲ್ಲಿ ನಾಲ್ಕು ಅಕ್ಷರ ಬರೆದಿತ್ತು. ಐದನೆಯ ಅಕ್ಷರ ಬರೆಯಲು ಹೇಳಿದೆ. ಯಾರಿಗೂ ಬರಲಿಲ್ಲ. ರಾಚ ಎಂಬ ಹುಡುಗನನ್ನು ವಿಚಾರಿಸಲಾಗಿ, ತಾವು ದನ ಕಾಯುತ್ತಿದ್ದುದಾಗಿಯೂ, ಈ ದಿನ ಬೆಳಿಗ್ಗೆ ತಮ್ಮನ್ನು ಕರೆತಂದು ಕೂರಿಸಿದರೆಂದೂ, ಸಾಯಂಕಾಲ ಬೆಲ್ಲ ಕೊಡುವುದಾಗಿ ಹೇಳಿರುವರೆಂದೂ ತಿಳಿಸಿದನು. ಬಳಿಕ, ನಾಳೆಯೂ ಬರಬಹುದೇ ಎಂದು ಹುಡುಗನು ನನ್ನನ್ನು ಕೇಳಿದನು. ಏಳು ಹೆಸರುಗಳನ್ನೂ ಪಟ್ಟಿಯಿಂದ ಹೊಡೆದುಹಾಕಲು ಆದೇಶಿಸಿದ್ದೇನೆ. ಮೇಷ್ಟ್ರ ಸಂಬಳವನ್ನು ಹದಿಮೂರು ಮಕ್ಕಳಿಗೆ ಸರಿಯಾಗಿ ಇಳಿಸತಕ್ಕದ್ದು."

ಓದಿ ಮುಗಿಸಿದಳು. ಬೀದಿಯಲ್ಲಿ ಶಾಲೆಯ ಮೈಕು ಹಲೋ ಹಲೋ ಅನ್ನುತ್ತಿತ್ತು.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಮಂಚಮ್ಮ ಸೌಟು ಹಿಡಿದುಕೊಂಡೇ ಬಂದಳು. "ಸುಟ್ಟಾಕು ಆ ಕಾಗ್ದವ! ಸತ್ತೋದೋನ್ ಇಚಾರ, ಅವ್ನೇನ್ ಎದ್ ಬಂದು ಕೇಳ್ತನಾ? ಇವತ್ ಒಂದಿನ ತಡ್ಕಳಕ್ಕ ಆಯ್ತಿರ್ನಿಲ್ವ ನಿಂಗ? ನೀನ್ ಓದಿದ್ದು ಅತಿಯಾಯ್ತು" ಅಂತ ಮಗಳ ಮೇಲೆ ಹರಿಹಾಯ್ದಳು. ಆಮೇಲೆ ಗಂಡನ ಮುಖ ನೋಡಿ ಸೌಟು ಕೆಳಗಿಳಿಸಿದಳು.

"ಆ ಸಾಲ್ನ ಇನ್ನೊಂದ್ಸಲ ಓದು" ಅಂದರು ಮಲ್ಲಯ್ಯ ಮೇಷ್ಟ್ರು.

ಯಾವ ಸಾಲು ಅಂತ ಅವಳು ಕೇಳಲಿಲ್ಲ. "ಬಳಿಕ, ನಾಳೆಯೂ ಬರಬಹುದೇ ಎಂದು ಹುಡುಗನು ನನ್ನನ್ನು ಕೇಳಿದನು."

"ಅದ್ಕ ಅವ್ರು ಏನಂದ್ರು?"

"ಬರ್ದಿಲ್ಲಪ್ಪ."

"ಊಂ." ಅವರು ತಮ್ಮಷ್ಟಕ್ಕೆ ಮಾತಾಡತೊಡಗಿದರು. "ಅ ಆ ಇ ಈ. ಮೂವತ್ನಾಕ್ ವರ್ಷ ಒಂದ್ನೇ ಕ್ಲಾಸ್ಗ ಹೇಳ್ಕೊಟ್ಟಿವ್ನಿ ಕಣವ್ವ. ಮೊದಲ್ನೇ ದಿನ ಬಂದ್ ಕೂಸು ಕಲ್ಯೋದು ನಾಕೇ ಅಕ್ಷರ. ಐದ್ನೇದು ಉ, ಅದು ಮಾರ್ನೇ ದಿನದ್ದು. ತಾತ ಹೇಳ್ದಾಗೆಲ್ಲ ಮುತ್ತಾತ ಮರ್ತಿದ್ದ ಅಂತಲೇ ಅನ್ಕಂಡಿದ್ದಿ. ಮರ್ತಿರ್ನಿಲ್ಲ ಅವ. ಒಂದಿನದ್ದು ಪೂರ್ತಿ ನೆನಪ್ ಮಡಿಕಂಡಿದ್ದ, ಸಾಯೋ ಗಂಟ. ನಾನ್ ಮೇಷ್ಟ್ರು, ನಂಗ್ಯಾಕ ಇದು ಹೊಳೀನಿಲ್ಲ?"

ಹೇಮಲತಾ ಅವರ ಕಾಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಅಳಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು, ಎಲ್ಲೋ ನೋಡುತ್ತಾ ಕೂತರು. ತಾತನ ಹೆಗಲ ಮೇಲಿಂದ ಇಳಿದು ಒಳಗೆ ಹೋದ ಆ ಬಾಗಿಲು ನೆನಪಾಗಿರಬೇಕು. ಅದನ್ನು ತೆರೆದಿದ್ದು ಇಲ್ಲದ ಒಂದು ಹಾಜರಿ. ರಾಚ ಮಗನಿಗೆ ಸುಳ್ಳು ಹೇಳಿದನೋ, ಒಂದು ದಿನವನ್ನೇ ಓದು ಅಂದುಕೊಂಡನೋ, ಯಾರು ಹೇಳಬೇಕು? ಅವನು ಮಾರನೇ ದಿನ ದನ ಹೊಡೆದುಕೊಂಡು ಆ ಶಾಲೆಯ ಮುಂದೆಯೇ ಹೋಗಿರುತ್ತಾನೆ, ಅಷ್ಟಂತೂ ನಿಜ. ಊರಿಗೆ ಇರುವುದು ಅದೊಂದೇ ದಾರಿ.

"ಇವತ್ ಓಗ್ಬ್ಯಾಡಿ ಅಪ್ಪ. ಹುಷಾರಿಲ್ಲ ಅಂದ್ಬುಡ್ತೀನಿ."

"ಹೆಸ್ರು ಕೂಗ್ತರ ಕೂಸೇ," ಅಂದರು ಮಲ್ಲಯ್ಯ ಮೇಷ್ಟ್ರು. "ಹೆಸ್ರು ಕೂಗ್ದಾಗ ಯಾರೂ ಇಲ್ದೇ ಇದ್ರ ಆಯ್ತದಾ?"

ಹತ್ತು ಗಂಟೆಗೆ ಶಾಮಿಯಾನ ತುಂಬಿತ್ತು. ಶಾಲೆಯ ಇಪ್ಪತ್ತೆರಡು ಮಕ್ಕಳನ್ನೂ ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ ಮುಂದೆ ಕೂರಿಸಿದ್ದರು. ಕಲ್ಲಿಗೆ ಹಳದಿ ಬಟ್ಟೆ ಹೊದಿಸಿತ್ತು. ಮಲ್ಲಯ್ಯ ಮೇಷ್ಟ್ರಿಗೆ ಮೊದಲ ಸಾಲಿನಲ್ಲಿ ಕುರ್ಚಿ, ಪಕ್ಕದಲ್ಲಿ ಹೆಂಡತಿ, ಮಗಳು. ಮಹಾದೇವಸ್ವಾಮಿ ಭಾಷಣ ಮಾಡುತ್ತಾ, "ಊರು ಬೇರೆ ಅಲ್ಲ, ಕೇರಿ ಬೇರೆ ಅಲ್ಲ, ಎಲ್ಲಾ ಒಂದೇ ಮಣೆ ಮೇಲೆ ಕೂತು ಓದವ್ರೆ. ಸಾಕ್ಷಿ ಬೇಕಾ? ಇಲ್ಲೇ ಕೂತವ್ರೆ ನಮ್ ಮಲ್ಲಯ್ಯ ಮೇಷ್ಟ್ರು" ಅಂದರು. ಚಪ್ಪಾಳೆ ಬಿತ್ತು. ಮೇಷ್ಟ್ರು ತಲೆ ಎತ್ತಲಿಲ್ಲ. ಎರಡು ನಿಮಿಷದ ಮಾತಿಗೆ ಕರೆದಾಗ, ಗಂಟಲು ಸರಿಯಿಲ್ಲ ಅಂತ ಕೈ ಅಲ್ಲಾಡಿಸಿದರು.

ಬಟ್ಟೆ ಸರಿಸಿದರು. ಸುನೀತಾ ಮಿಸ್ಸು ಹೊಸ ಹಾಜರಿ ಪುಸ್ತಕ ಬಿಡಿಸಿ, ಪೆನ್ನು ಹಿಡಿದು, ಹೆಸರು ಕೂಗತೊಡಗಿದರು. ಒಬ್ಬೊಬ್ಬರೇ ಎದ್ದು ಹಾಜರ್ ಮಿಸ್, ಹಾಜರ್ ಮಿಸ್ ಅನ್ನುತ್ತಿದ್ದರು. ಮೀಸೆ ಹೊತ್ತ ಗಂಡಸರು ಕೈ ಕಟ್ಟಿಕೊಂಡು ನಿಲ್ಲುವುದು ನೋಡಿ ಮಕ್ಕಳಿಗೆ ನಗುವೋ ನಗು. ಹನ್ನೆರಡು ಆಯಿತು. ಹದಿಮೂರು ಆಯಿತು.

"ರಾಚ ಬಿನ್ ಸಿದ್ದ."

ಮಲ್ಲಯ್ಯ ಮೇಷ್ಟ್ರು ಎದ್ದರು. ಪಂಚೆಯ ಜರಿ ಸರಿಮಾಡಿಕೊಂಡರು. ಸೊಂಟ ನೆಟ್ಟಗೆ ಮಾಡಿ, ಮೈಕಿಲ್ಲದೆಯೂ ಹಿಂದಿನ ಸಾಲಿಗೆ ಮುಟ್ಟುವ ಪಾಠದ ದನಿಯಲ್ಲಿ ಹೇಳಿದರು:

"ಗೈರುಹಾಜರ್, ಮಿಸ್."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದೆ ಯಾರೋ ಕಿಸಕ್ ಅಂದರು, ಮಕ್ಕಳು ಗೊಳ್ಳೆಂದರು. ಸುನೀತಾ ಮಿಸ್ಸು ಪೆನ್ನು ಎತ್ತಿಕೊಂಡೇ ವೇದಿಕೆಯ ಕಡೆ ನೋಡಿದರು. ಮಹಾದೇವಸ್ವಾಮಿ ನಗುನಗುತ್ತಲೇ ಮೈಕು ತೆಗೆದುಕೊಂಡರು.

"ಮೇಷ್ಟ್ರಿಗೆ ಖುಷೀಲಿ ಮಾತೇ ತಪ್ಪೋಯ್ತು. ವಯಸ್ಸಾಯ್ತಲ್ಲ, ಪಾಪ. ಹಾಜರ್ ಅಂತ ಹಾಕ್ಕೊಳ್ಳಿ ಮಿಸ್. ಒಂದ್ ಚಪ್ಪಾಳೆ ಬರ್ಲಪ್ಪಾ!"

"ಹಾಕ್ಬ್ಯಾಡಿ," ಅಂದರು ಮಲ್ಲಯ್ಯ ಮೇಷ್ಟ್ರು. "ಅವ ಬಂದಿಲ್ಲ. ಒಂದೇ ದಿನ ಬಂದಿದ್ದ. ನಾಳೀಕೂ ಬತ್ತೀನಿ ಅಂದ..."

ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹೇಮಲತಾಳಿಗೆ ಕೇಳಿಸಿತು. ಎದ್ದು ನಿಂತು ಕಿರುಚಬೇಕು, ಕಾಗದ ಮೈಕಿನ ಮುಂದೆ ಹಿಡಿಯಬೇಕು ಅಂತ ಅವಳ ಜೀವ ಹೊಡೆದುಕೊಂಡಿತು. ಮಂಚಮ್ಮ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಬಿಡಿಸಿಕೊಳ್ಳಬಹುದಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಆ ನಾಚಿಕೆ ಅವಳನ್ನು ಸಾಯುವ ತನಕ ಬಿಡುವುದಿಲ್ಲ.

ಸುನೀತಾ ಮಿಸ್ಸು ತಲೆ ಬಗ್ಗಿಸಿ ಪುಸ್ತಕದಲ್ಲಿ ಎಲ್ಲರಿಗೂ ಎಳೆದ ಹಾಜರಿ ಗೆರೆಯನ್ನೇ ಎಳೆದು, ಮುಂದಿನ ಹೆಸರು ಕೂಗಿದರು. ಅದಕ್ಕೆ ಎದ್ದು ನಿಲ್ಲಲು ಯಾರೂ ಇರಲಿಲ್ಲ. ಅದಕ್ಕೂ ಅದೇ ಗೆರೆ ಎಳೆದರು.

ಮಲ್ಲಯ್ಯ ಮೇಷ್ಟ್ರು ಮೆಲ್ಲಗೆ ಕೂತರು. ಹಳೇ ಕನ್ನಡಕದಲ್ಲಿ ಅವರಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. ಮಗಳ ಕಡೆ ಬಾಗಿ, ತಪ್ಪು ಮಾಡಿದ ಮಗು ಕೇಳುವ ದನಿಯಲ್ಲಿ ಕೇಳಿದರು:

"ಹಾಜರ್ ಹಾಕುದ್ರಾ ಕೂಸೇ?"

"ಊಂ ಅಪ್ಪ," ಅಂದಳು ಹೇಮಲತಾ. "ಹಾಕುದ್ರು."